‘ನನಗೆ ಯಾವಾಗಲೂ ಲೋ ಬಿಪಿ’

ಐವತ್ತು ದಾಟಿದ ಹೆಂಗಸರು ನನ್ನ ಕ್ಲಿನಿಕ್ಕಿಗೆ ಬಂದಾಗ ತೋಳಿಗೆ ಬಿಪಿ ಪಟ್ಟಿ ಸುತ್ತಲು ಹೋದರೆ ಹೆಚ್ಚಿನವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. "ಬೇಡ ಆಪಾ, ನನಗೆ ಯಾವಾಗಲೂ ಲೋ ಬಿಪಿ" ಎನ್ನುತ್ತಾರೆ. ಯಾವಾಗ ನೋಡಿಸಿದ್ದು ಎಂದು ಕೇಳಿದರೆ ಎರಡನೇ ಹೆರಿಗೆಯ ಕಾಲಕ್ಕೆ ಹೋಗುತ್ತಾರೆ. ಆ ಮಗನಿಗೆ ಈಗ ಮದುವೆಯಾಗಿ ಮಕ್ಕಳಿರುತ್ತಾರೆ. ಅಂದು ಯಾರೋ ನರ್ಸ್ 90/60 ಎಂದು ಹೇಳಿದ ಮಾತು ಇವರ ಪಾಲಿಗೆ ರಕ್ತದ ಗುಂಪಿನ ಹಾಗೆ ಶಾಶ್ವತವಾಗಿಬಿಟ್ಟಿದೆ. ರಕ್ತದ ಗುಂಪು ಬದಲಾಗುವುದಿಲ್ಲ. ಬಿಪಿ ಬದಲಾಗುತ್ತದೆ. ಹೆಂಗಸರಲ್ಲಂತೂ ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಅದು ಸದ್ದಿಲ್ಲದೆ ದಿಕ್ಕನ್ನೇ ಬದಲಿಸುತ್ತದೆ.

ಕಳೆದ ವರ್ಷದ ಒಂದು ಘಟನೆ ಹೇಳುತ್ತೇನೆ. ನಮ್ಮ ಬೀದಿಯಲ್ಲಿ ಎಲ್ಲರೂ ಖಾಲಾ ಎಂದು ಕರೆಯುವ ಒಬ್ಬರಿದ್ದಾರೆ, ವಯಸ್ಸು 56. ‘ಗ್ಯಾಸ್’ ಎಂದು ಬಂದರು. ಒದ್ದೆ ಬಟ್ಟೆಯ ಬಕೆಟ್ ಹಿಡಿದು ಮಾಳಿಗೆ ಹತ್ತುವಾಗ ಎರಡು ಹೆಗಲ ನಡುವೆ ಬೆನ್ನಿನಲ್ಲಿ ಹಿಡಿದಂತಾಗುತ್ತದೆ, ಗಂಟಲು ಬಿಗಿಯುತ್ತದೆ, ಐದು ನಿಮಿಷ ಕುಳಿತರೆ ಹೋಗುತ್ತದೆ ಎಂದರು. ಪಟ್ಟಿ ತೆಗೆದುಕೊಂಡೆ. ಅದೇ ಮಾತು, ಲೋ ಬಿಪಿ. ತಲೆ ಸುತ್ತಿದಾಗಲೆಲ್ಲ ನಿಂಬೆ ಶರಬತ್ತಿಗೆ ಒಂದು ಚಮಚ ಉಪ್ಪು ಹಾಕಿ ಕುಡಿಯುತ್ತೇನೆ, ಇಪ್ಪತ್ತು ವರ್ಷದಿಂದ ಅದೇ ಔಷಧಿ ಎಂದರು. ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದರು. ನಾನು ಒತ್ತಾಯ ಮಾಡಲಿಲ್ಲ. ಜವಾರಿಷ್ ಕಮೂನಿ ಕೊಟ್ಟು ಕಳಿಸಿದೆ.

ಆ ದಿನ ನಾನು ಮಾಡಿದ್ದು ತಪ್ಪು. ಹೊಟ್ಟೆಯ ಗ್ಯಾಸಿಗೆ ಮೆಟ್ಟಿಲು ಹತ್ತಿದರೆ ಬಂದು ಕುಳಿತರೆ ಹೋಗುವ ಅಭ್ಯಾಸವಿಲ್ಲ. ಅಷ್ಟು ನನಗೆ ಗೊತ್ತಿರಬೇಕಿತ್ತು, ಗೊತ್ತಿತ್ತು ಕೂಡ. ಎರಡು ವಾರದ ಬಳಿಕ ಅವರು ಮತ್ತೆ ಬಂದಾಗ ಹಟ ಹಿಡಿದು ಬಿಪಿ ನೋಡಿದೆ, 178/100. ಕೂಡಲೇ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಲು ಕಳಿಸಿದೆ. ಅಲ್ಲಿಂದ ನಗರದ ದೊಡ್ಡ ಆಸ್ಪತ್ರೆಗೆ ಹೋದರು. ಆಂಜಿಯೋಗ್ರಾಂ ಆಯಿತು. ಮೂರನೇ ದಿನ ಮಗ ಸಂತೋಷದಿಂದ ಫೋನ್ ಮಾಡಿದ. "ಬ್ಲಾಕ್ ಇಲ್ಲ ಆಪಾ, ಎಲ್ಲ ಕ್ಲೀನ್ ಅಂತೆ. ಸುಮ್ಮನೆ ಟೆನ್ಷನ್ ಅಂತ ಹೇಳಿ ಕಳಿಸಿದರು." ಆದರೆ ಮಾಳಿಗೆ ಹತ್ತುವಾಗಿನ ನೋವು ಹಾಗೆಯೇ ಉಳಿಯಿತು. ದೊಡ್ಡ ಆಸ್ಪತ್ರೆಯೇ ಏನೂ ಇಲ್ಲ ಎಂದ ಮೇಲೆ ಮನೆಯವರು ಅವರ ಮಾತು ಕೇಳುವುದನ್ನು ನಿಲ್ಲಿಸಿದರು. ಕೆಲಸ ತಪ್ಪಿಸಿಕೊಳ್ಳುವ ನೆಪ ಎಂದು ಒಬ್ಬರು, ನಜರ್ ತಾಗಿದೆ ಎಂದು ಇನ್ನೊಬ್ಬರು.

ಈ ಲೇಖನ ಬರೆಯಲು ಕಾರಣ ಆ ‘ಏನೂ ಇಲ್ಲ’ ಎಂಬ ಮಾತು. ಗಂಡಸಿನ ರಕ್ತನಾಳ ಮತ್ತು ಹೆಂಗಸಿನ ರಕ್ತನಾಳ ಒಂದೇ ರೀತಿ ಸಡಿಲವಾಗುವುದಿಲ್ಲ, ಒಂದೇ ರೀತಿ ಕೆಡುವುದೂ ಇಲ್ಲ. ಇಬ್ಬರನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದರಿಂದ ನಮ್ಮ ತಾಯಂದಿರು ನಷ್ಟ ಅನುಭವಿಸುತ್ತಿದ್ದಾರೆ. ಇದು ನನ್ನ ಅಭಿಪ್ರಾಯ, ಕಾರಣವನ್ನೂ ಹೇಳುತ್ತೇನೆ.

ರಕ್ತನಾಳವನ್ನು ನಾವು ನಲ್ಲಿಯ ಪೈಪಿನಂತೆ ಕಲ್ಪಿಸಿಕೊಳ್ಳುತ್ತೇವೆ. ಅದು ಪೈಪ್ ಅಲ್ಲ. ಅದರ ಗೋಡೆಯಲ್ಲಿ ಸ್ನಾಯು ಇದೆ. ಆ ಸ್ನಾಯು ಬಿಗಿಯಾದರೆ ನಾಳ ಕಿರಿದಾಗುತ್ತದೆ, ಸಡಿಲವಾದರೆ ಅಗಲವಾಗುತ್ತದೆ. ದಿನದ ಇಪ್ಪತ್ನಾಲ್ಕು ಗಂಟೆಯೂ ಅದು ಒಂದು ಹದದ ಬಿಗಿತದಲ್ಲಿರುತ್ತದೆ. ಊಟ ಮಾಡಿದಾಗ ಹೊಟ್ಟೆಯ ಕಡೆ ನಾಳಗಳು ತೆರೆಯಬೇಕು, ಮೆಟ್ಟಿಲು ಹತ್ತಿದಾಗ ಕಾಲಿನವು ಮತ್ತು ಹೃದಯದವು ತೆರೆಯಬೇಕು. ಈ ಹದವನ್ನು ಕಾಯುವುದು ನಾಳದ ಒಳಮೈಗೆ ಅಂಟಿಕೊಂಡಿರುವ, ಒಂದೇ ಒಂದು ಜೀವಕೋಶದಷ್ಟು ತೆಳುವಾದ ಪದರ. ವೈದ್ಯರು ಅದನ್ನು ಎಂಡೋಥೀಲಿಯಂ ಎನ್ನುತ್ತಾರೆ. ತಾಮ್ರದ ದೇಗ್ಚಿಗೆ ಒಳಗಿನಿಂದ ಕಲಾಯಿ ಹಾಕಿಸುತ್ತೇವಲ್ಲ, ಹಾಗೆ ಎಂದುಕೊಳ್ಳಿ. ಹೊರಗಿನಿಂದ ದೇಗ್ಚಿ ಎಷ್ಟು ಗಟ್ಟಿಯಾಗಿದ್ದರೂ ಕಲಾಯಿ ಹೋದರೆ ಒಳಗಿನ ಸಾಲನ್ ಕೆಡುತ್ತದೆ.

ಈ ಪದರ ಬರೀ ಲೇಪನವಲ್ಲ ಎಂದು ಗೊತ್ತಾಗಿದ್ದು 1980ರಲ್ಲಿ. ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಮೊಲದ ರಕ್ತನಾಳದ ತುಂಡುಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ನಾಳವನ್ನು ಸಡಿಲಗೊಳಿಸಬೇಕಾದ ಒಂದು ರಾಸಾಯನಿಕ ಹಾಕಿದರೂ ಕೆಲವು ತುಂಡುಗಳು ಸಡಿಲವಾಗುತ್ತಿರಲಿಲ್ಲ. ಹುಡುಕಿದಾಗ ಗೊತ್ತಾಯಿತು, ತುಂಡು ಸಿದ್ಧಪಡಿಸುವಾಗ ಒಳಪದರ ಉಜ್ಜಿ ಹೋದಲ್ಲಿ ಮಾತ್ರ ಹೀಗೆ. ಅಂದರೆ ಸಡಿಲವಾಗು ಎಂಬ ಸಂದೇಶ ಸ್ನಾಯುವಿಗೆ ಹೋಗುವುದು ಆ ಕಲಾಯಿಯಿಂದ. ಆ ಸಂದೇಶ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಮುಂದಿನ ವರ್ಷಗಳಲ್ಲಿ ತಿಳಿಯಿತು. ಹುಟ್ಟಿದ ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಸಿ ಮಾಯವಾಗುವ ಅನಿಲ ಅದು. ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಈ ಮೂವರಿಗೆ 1998ರಲ್ಲಿ ನೊಬೆಲ್ ಬಂತು.

ಈಗ ಗಂಡು ಹೆಣ್ಣಿನ ವಿಷಯಕ್ಕೆ ಬನ್ನಿ. ಹೆಣ್ಣಿನ ದೇಹದ ಈಸ್ಟ್ರೋಜನ್ ಹಾರ್ಮೋನು ಈ ಅನಿಲ ತಯಾರಿಸುವ ಕಿಣ್ವವನ್ನು ಚುರುಕುಗೊಳಿಸುತ್ತದೆ. ಆದ್ದರಿಂದ ಮುಟ್ಟು ನಡೆಯುತ್ತಿರುವ ವಯಸ್ಸಿನ ಹೆಂಗಸಿನ ನಾಳಗಳು ಅದೇ ವಯಸ್ಸಿನ ಗಂಡಸಿನ ನಾಳಗಳಿಗಿಂತ ಸಾಮಾನ್ಯವಾಗಿ ಸುಲಭವಾಗಿ ಸಡಿಲವಾಗುತ್ತವೆ. ಇನ್ನೊಂದು ವ್ಯತ್ಯಾಸವಿದೆ. ನಾಳವನ್ನು ಬಿಗಿ ಮಾಡು ಎಂದು ನರಗಳು ಸದಾ ಆಜ್ಞೆ ಕೊಡುತ್ತಿರುತ್ತವೆ. ಯುವಕರಲ್ಲಿ ಆ ಆಜ್ಞೆ ಹೆಚ್ಚಿದ್ದವರ ನಾಳಗಳೂ ಹೆಚ್ಚು ಬಿಗಿಯಾಗಿರುತ್ತವೆ. ಯುವತಿಯರಲ್ಲಿ ಈ ಲೆಕ್ಕ ಹೊಂದುವುದಿಲ್ಲ ಎಂದು ಅಮೆರಿಕದ ಮೇಯೋ ಕ್ಲಿನಿಕ್ಕಿನ ಸಂಶೋಧಕರು ತೋರಿಸಿದರು. ಯುವತಿಯ ನಾಳದಲ್ಲಿರುವ ಬೀಟಾ ಗ್ರಾಹಕಗಳು ಬಿಗಿಯ ಆಜ್ಞೆಗೆ ಎದುರಾಗಿ ಸಡಿಲಿಸುತ್ತವೆ. ಚಿಕ್ಕ ವಯಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಬಿಪಿ ಕಡಿಮೆ ಇರುವುದು, ಬಿಸಿಲಲ್ಲಿ ಅಥವಾ ಒಲೆಯ ಮುಂದೆ ಹೆಚ್ಚು ಹೊತ್ತು ನಿಂತರೆ ಕಣ್ಣು ಕತ್ತಲಾಗುವುದು, ಇದಕ್ಕೆಲ್ಲ ಇದು ಒಂದು ಕಾರಣ. ಆ ಲೋ ಬಿಪಿ ಬಹುಪಾಲು ರೋಗವಲ್ಲ.

ಆದರೆ ಈ ರಕ್ಷಣೆಗೆ ಅವಧಿ ಇದೆ. ತೋಳಿನ ನಾಳ ಎಷ್ಟು ಅಗಲವಾಗುತ್ತದೆ ಎಂದು ಸ್ಕ್ಯಾನಿನಿಂದ ಅಳೆದ ಒಂದು ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಆರೋಗ್ಯವಂತ ಗಂಡಸರಲ್ಲಿ ನಾಳದ ಈ ಶಕ್ತಿ ನಲವತ್ತರ ಹೊತ್ತಿಗೆ ಇಳಿಯತೊಡಗಿತ್ತು. ಹೆಂಗಸರಲ್ಲಿ ಐವತ್ತರ ಆರಂಭದವರೆಗೆ ಹಾಗೆಯೇ ಉಳಿದು, ಆಮೇಲೆ ಗಂಡಸರಿಗಿಂತ ವೇಗವಾಗಿ ಇಳಿಯಿತು. ಮುಟ್ಟು ನಿಂತ ಮೇಲೆ ಬೀಟಾ ಗ್ರಾಹಕಗಳ ಆ ಸಹಾಯವೂ ಹೋಗುತ್ತದೆ. ನರದ ಬಿಗಿ ಆಜ್ಞೆ ನೇರವಾಗಿ ನಾಳದ ಮೇಲೆ ಬೀಳುತ್ತದೆ. ಯೌವನದಲ್ಲಿ ಗಂಡಸರಿಗಿಂತ ಕಡಿಮೆ ಇದ್ದ ಹೆಂಗಸರ ಬಿಪಿ ಅರವತ್ತು ದಾಟಿದ ಮೇಲೆ ಗಂಡಸರನ್ನು ಹಿಂದೆ ಹಾಕುವುದು ಹೀಗೆ. ನಮ್ಮ ಖಾಲಾ ಈ ತಿರುವನ್ನು ಯಾವಾಗಲೋ ದಾಟಿದ್ದರು. ಉಪ್ಪಿನ ಶರಬತ್ತು ಮಾತ್ರ ನಿಂತಿರಲಿಲ್ಲ. ಬಿಪಿ ಏರಿದಾಗಲೂ ತಲೆ ಸುತ್ತಬಹುದು, ಅವರು ಅದಕ್ಕೂ ಉಪ್ಪನ್ನೇ ಕುಡಿಯುತ್ತಿದ್ದರು.

ಇನ್ನು ಆ ಕ್ಲೀನ್ ಆಂಜಿಯೋಗ್ರಾಂ. ಅದರಲ್ಲಿ ಕಾಣುವುದು ಹೃದಯದ ಮೇಲ್ಮೈಯಲ್ಲಿ ಓಡುವ ದೊಡ್ಡ ನಾಳಗಳು. ಅವು ಕವಲೊಡೆದು ಹೃದಯದ ಮಾಂಸದೊಳಗೆ ಕೂದಲಿಗಿಂತ ಸಣ್ಣದಾಗಿ ಹರಡುತ್ತವೆ. ಕೆಲಸ ಹೆಚ್ಚಾದಾಗ ತೆರೆದುಕೊಳ್ಳಬೇಕಾದದ್ದು ಮುಖ್ಯವಾಗಿ ಈ ಸಣ್ಣವು. ಅವು ತೆರೆಯದಿದ್ದರೆ ದೊಡ್ಡ ನಾಳದಲ್ಲಿ ಒಂದು ಕೂದಲಿನಷ್ಟು ಅಡ್ಡಿ ಇಲ್ಲದಿದ್ದರೂ ಹೃದಯಕ್ಕೆ ರಕ್ತ ಸಾಲುವುದಿಲ್ಲ, ನೋವು ಬರುತ್ತದೆ. ಮುಖ್ಯ ರಸ್ತೆ ಖಾಲಿ ಇದೆ, ಆದರೆ ಗಲ್ಲಿಗಳೆಲ್ಲ ಬಂದ್. ಇದು ಗಂಡಸರಲ್ಲೂ ಉಂಟು, ಹೆಂಗಸರಲ್ಲಿ ಹೆಚ್ಚು. ಅಮೆರಿಕದಲ್ಲಿ 1996ರಲ್ಲಿ ವೈಸ್ ಎಂಬ ಹೆಸರಿನಲ್ಲಿ ಹೆಂಗಸರ ಎದೆನೋವಿನ ಬಗ್ಗೆಯೇ ದೊಡ್ಡ ಅಧ್ಯಯನ ಆರಂಭವಾಯಿತು. ಆಂಜಿಯೋಗ್ರಾಂ ಕ್ಲೀನ್ ಎಂದು ಮನೆಗೆ ಕಳಿಸಿದ ಅನೇಕರಲ್ಲಿ ಸಣ್ಣ ನಾಳಗಳು ಸರಿಯಾಗಿ ತೆರೆಯುತ್ತಿರಲಿಲ್ಲ, ಮುಂದೆ ಅವರಲ್ಲಿ ಹೃದಯದ ತೊಂದರೆಗಳೂ ಹೆಚ್ಚು ಕಂಡವು ಎಂದು ಅದು ತೋರಿಸಿತು. ಬ್ಲಾಕ್ ಇಲ್ಲ ಎಂಬುದು ಸಂತೋಷದ ಸುದ್ದಿಯೇ. ಆದರೆ ಬ್ಲಾಕ್ ಇಲ್ಲ ಎಂದರೆ ರೋಗ ಇಲ್ಲ ಎಂದಲ್ಲ. ನೋವು ನಿಲ್ಲದಿದ್ದರೆ ಅದೇ ಫೈಲ್ ಹಿಡಿದು ಮತ್ತೆ ಹೃದಯತಜ್ಞರ ಬಳಿಗೆ ಹೋಗಿ, "ಹಾಗಾದರೆ ಸಣ್ಣ ನಾಳಗಳ ಕಥೆ ಏನು?" ಎಂದು ಕೇಳಿ. ಅದಕ್ಕೆ ಬೇರೆ ಪರೀಕ್ಷೆಗಳಿವೆ, ಮಾತ್ರೆಗಳಿವೆ.

ವೈದ್ಯಲೋಕವೇ ಈ ವಿಷಯದಲ್ಲಿ ತಡ ಮಾಡಿತು. 1977ರಲ್ಲಿ ಅಮೆರಿಕದ ಔಷಧ ಇಲಾಖೆ ಮಕ್ಕಳಾಗುವ ವಯಸ್ಸಿನ ಹೆಂಗಸರನ್ನು ಔಷಧಿಗಳ ಆರಂಭದ ಪ್ರಯೋಗಗಳಿಂದ ಹೊರಗಿಡಲು ಹೇಳಿತು, 1993ರಲ್ಲಷ್ಟೇ ಅದನ್ನು ಹಿಂತೆಗೆದುಕೊಂಡಿತು. ಆಸ್ಪಿರಿನ್ ಹೃದಯಾಘಾತ ತಡೆಯುತ್ತದೆ ಎಂದು 1989ರಲ್ಲಿ ಹೇಳಿದ ಪ್ರಸಿದ್ಧ ಪ್ರಯೋಗದಲ್ಲಿ 22,071 ಜನರಿದ್ದರು, ಎಲ್ಲರೂ ಗಂಡಸರು. ಹೆಂಗಸರ ಮೇಲಿನ ದೊಡ್ಡ ಪ್ರಯೋಗದ ಫಲಿತಾಂಶ ಬಂದಿದ್ದು 2005ರಲ್ಲಿ. ಒಟ್ಟಾರೆ ನೋಡಿದಾಗ ಅವರಲ್ಲಿ ಆಸ್ಪಿರಿನ್ ಮೊದಲ ಹೃದಯಾಘಾತವನ್ನು ಕಡಿಮೆ ಮಾಡಲಿಲ್ಲ, ಪಾರ್ಶ್ವವಾಯುವನ್ನು ಸ್ವಲ್ಪ ಕಡಿಮೆ ಮಾಡಿತು. ಅದೇ ಮಾತ್ರೆ, ಬೇರೆ ಫಲ.

ನಮ್ಮ ಯುನಾನಿ ಪರಂಪರೆ ಇದರಲ್ಲಿ ಮುಂದಿತ್ತು ಎಂದು ಹೊಗಳಿಕೊಳ್ಳಲು ನನಗೆ ಇಷ್ಟವಿಲ್ಲ. ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ನಲ್ಲಿ ಗಂಡಿನ ನಾಡಿ ಬೇರೆ, ಹೆಣ್ಣಿನ ನಾಡಿ ಬೇರೆ ಎಂದು ವಿವರಿಸಿದ್ದು ನಿಜ. ಕಾಲೇಜಿನಲ್ಲಿ ಅದನ್ನು ಓದುವಾಗ ನನಗೂ ಹೆಮ್ಮೆಯಾಗಿತ್ತು. ಆದರೆ ನಾಡಿ ಹಿಡಿದು ಬಿಪಿ 178 ಎಂದು ಯಾರೂ ಹೇಳಲಾರರು. ಹಾಗೆ ಹೇಳುವ ಹಕೀಮರಿದ್ದರೆ ಅವರಿಂದ ದೂರವಿರಿ. ಮುಟ್ಟು ನಿಂತ ಮೇಲೆ ಕೆಟ್ಟ ರಕ್ತ ಒಳಗೇ ಉಳಿದು ಬಿಪಿ ಏರುತ್ತದೆ, ಹಿಜಾಮಾ ಮಾಡಿಸಿದರೆ ಇಳಿಯುತ್ತದೆ ಎಂದು ಕೇಳಿಕೊಂಡು ಬರುವವರು ಹಲವರು. ಉಳಿದಿರುವುದು ಕೆಟ್ಟ ರಕ್ತವಲ್ಲ, ಹೊರಟುಹೋಗಿರುವುದು ಈಸ್ಟ್ರೋಜನ್. ಹಿಜಾಮಾ ಮಾಡಿಸಿಕೊಂಡ ಧೈರ್ಯದಲ್ಲಿ ಬಿಪಿ ಮಾತ್ರೆ ಬಿಟ್ಟವರನ್ನು ನಾನು ಪಾರ್ಶ್ವವಾಯುವಿನ ಹಾಸಿಗೆಯಲ್ಲಿ ನೋಡಿದ್ದೇನೆ.

ಹಾಗಾದರೆ ಈಸ್ಟ್ರೋಜನ್ನನ್ನೇ ಮಾತ್ರೆಯಾಗಿ ನುಂಗಬಹುದಲ್ಲ ಎಂದು ಓದಿದ ಹೆಣ್ಣುಮಕ್ಕಳು ಕೇಳುತ್ತಾರೆ. ವಿಜ್ಞಾನಿಗಳೂ ಹಾಗೆಯೇ ಯೋಚಿಸಿದ್ದರು. 2002ರಲ್ಲಿ ಅಮೆರಿಕದ ಒಂದು ಬೃಹತ್ ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಹಾರ್ಮೋನು ಮಾತ್ರೆ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯದ ತೊಂದರೆ ಹೆಚ್ಚಾಗಿತ್ತು. ವಿಪರೀತ ಬಿಸಿ ಉರಿ, ಬೆವರಿನಂಥ ತೊಂದರೆಗೆ ಸ್ತ್ರೀರೋಗ ತಜ್ಞರು ನೋಡಿ ಕೊಡುವುದು ಬೇರೆ ವಿಷಯ. ಹೃದಯ ಕಾಯಲೆಂದು ತಾವಾಗಿಯೇ ತೆಗೆದುಕೊಳ್ಳುವಂಥದ್ದಲ್ಲ. ನಮ್ಮ ಅಂಗಡಿಯ ಸತಾವರಿಗೆ ಆ ಕೆಲಸ ಮಾಡುವ ಶಕ್ತಿ ಇದೆ ಎಂದು ನಾನು ಹೇಳಲಾರೆ.

ಈ ರಕ್ಷಣೆಯನ್ನು ನಾವೇ ಬೇಗ ಕಳೆದುಕೊಳ್ಳುವ ದಾರಿಗಳೂ ಇವೆ. ಸಕ್ಕರೆ ಕಾಯಿಲೆ ಬಂದರೆ ಮುಟ್ಟು ನಿಲ್ಲುವ ಮೊದಲೇ ಹೆಣ್ಣಿನ ನಾಳದ ಅನುಕೂಲ ಹೋಗಿಬಿಡುತ್ತದೆ. ತಂಬಾಕು ಕೂಡ ಹಾಗೆಯೇ. ಇನ್ನೊಂದು, ಗರ್ಭಕೋಶ ತೆಗೆಸುವುದು. ಮಕ್ಕಳಾಯಿತು, ಇನ್ನು ಅದು ಯಾಕೆ ಎಂಬ ಮಾತು ನಮ್ಮ ಮನೆಗಳಲ್ಲಿ ಬಹಳ ಸುಲಭವಾಗಿ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಬಡ ಹೆಂಗಸರಿಗೆ ಅನಗತ್ಯವಾಗಿ ಈ ಶಸ್ತ್ರಚಿಕಿತ್ಸೆ ಮಾಡಿದ್ದು ಪತ್ರಿಕೆಗಳಲ್ಲೇ ಬಂದಿದೆ. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಮೂವತ್ತೈದರ ಹೆಣ್ಣಿನ ದೇಹಕ್ಕೆ ಒಂದೇ ದಿನದಲ್ಲಿ ಮುಟ್ಟು ನಿಂತ ವಯಸ್ಸು ಬರುತ್ತದೆ, ಹೃದಯದ ಅಪಾಯವೂ ಬೇಗ ಬರುತ್ತದೆ. ಕ್ಯಾನ್ಸರ್ ಅಥವಾ ನಿಲ್ಲದ ರಕ್ತಸ್ರಾವ ಇದ್ದರೆ ತೆಗೆಸಲೇಬೇಕಾಗಬಹುದು. ಬಿಳಿ ಸೆರಗಿಗೆ, ಸೊಂಟನೋವಿಗೆ ತೆಗೆಸಿ ಎಂದರೆ ಎರಡನೇ ವೈದ್ಯರನ್ನು ಕೇಳಿ. ಅಂಡಾಶಯ ಉಳಿಸುತ್ತೀರಾ ಎಂಬ ಪ್ರಶ್ನೆಯನ್ನು ಗಂಡನೇ ಕೇಳಲಿ, ಸಹಿ ಹಾಕುವುದು ಹೆಚ್ಚಾಗಿ ಅವನೇ ತಾನೇ.

ತಾಯಿ ಕಾರ್ಡನ್ನು ದಯವಿಟ್ಟು ಎಸೆಯಬೇಡಿ. ಗರ್ಭಿಣಿಯಾಗಿದ್ದಾಗ ಬಿಪಿ 140/90 ದಾಟಿದ್ದರೆ, ಮೂತ್ರದಲ್ಲಿ ಪ್ರೋಟೀನ್ ಹೋಗಿದ್ದರೆ, ಅದು ಹೆರಿಗೆಯೊಂದಿಗೆ ಮುಗಿದ ಕಥೆಯಲ್ಲ. ಆ ತೊಂದರೆಯಲ್ಲಿ ನಾಳದ ಒಳಪದರಕ್ಕೇ ಪೆಟ್ಟು ಬಿದ್ದಿರುತ್ತದೆ. ಅಂಥವರಿಗೆ ಮುಂದೆ ಬಿಪಿ ಬರುವ ಸಂಭವ ಮೂರು ಪಟ್ಟಿಗಿಂತ ಹೆಚ್ಚು, ಹೃದಯದ ಕಾಯಿಲೆ ಸುಮಾರು ಎರಡು ಪಟ್ಟು. ಮಗು ಆರೋಗ್ಯವಾಗಿ ಹುಟ್ಟಿತು, ಅಲ್‌ಹಮ್ದುಲಿಲ್ಲಾಹ್ ಎಂದು ಎಲ್ಲರೂ ಮಗುವಿನ ಕಡೆ ತಿರುಗುತ್ತಾರೆ. ತಾಯಿಯ ಬಿಪಿ ಮತ್ತೆ ಯಾರೂ ನೋಡುವುದಿಲ್ಲ. ಇಂಥ ತಾಯಂದಿರು ಮೂವತ್ತರ ವಯಸ್ಸಿನಲ್ಲಿದ್ದರೂ ವರ್ಷಕ್ಕೊಮ್ಮೆ ನೋಡಿಸಲೇಬೇಕು. ಹೊಸ ವೈದ್ಯರ ಬಳಿ ಹೋದಾಗ ಅವರು ಕೇಳದಿದ್ದರೂ ನೀವೇ ಹೇಳಿ.

ಗಂಡಸರ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಅವರ ನಾಳ ಹತ್ತು ವರ್ಷ ಮೊದಲೇ ಕೆಡಲು ಆರಂಭಿಸುತ್ತದೆ, ಮೊದಲ ಸೂಚನೆ ಹಲವರಲ್ಲಿ ದಾಂಪತ್ಯದಲ್ಲಿ ಕಾಣುತ್ತದೆ. ಆ ಭಾಗದ ನಾಳ ಹೃದಯದ ನಾಳಕ್ಕಿಂತ ಸಣ್ಣದು, ಆದ್ದರಿಂದ ಒಳಪದರ ಕೆಟ್ಟಿದ್ದು ಅಲ್ಲಿ ಮೊದಲು ಗೊತ್ತಾಗುತ್ತದೆ. ಅವರು ನನ್ನ ಬಳಿ ಬರುವುದಿಲ್ಲ, ನಾಚಿಕೆ. ಹೆಂಡತಿಯನ್ನು ಕಳಿಸಿ ‘ತಾಕತ್ತಿನ ಮಜೂನ್’ ಕೇಳಿಸುತ್ತಾರೆ. ನಲವತ್ತು ದಾಟಿದ ಗಂಡಸಿಗೆ ಮಜೂನ್ ಕೊಡುವ ಮೊದಲು ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಬೇಕು. ಪೇಟೆಯಲ್ಲಿ ‘ಶುದ್ಧ ಗಿಡಮೂಲಿಕೆ’ ಎಂದು ಮಾರುವ ಇಂಥ ಸರಕಿನಲ್ಲಿ ವಯಾಗ್ರದ ಔಷಧಿಯನ್ನು ಗುಟ್ಟಾಗಿ ಬೆರೆಸಿದ್ದನ್ನು ಹಲವು ದೇಶಗಳ ಅಧಿಕಾರಿಗಳು ಪತ್ತೆ ಹಚ್ಚಿದ್ದಾರೆ. ಆ ಔಷಧಿಯೂ ಕೆಲಸ ಮಾಡುವುದು ನೈಟ್ರಿಕ್ ಆಕ್ಸೈಡಿನ ದಾರಿಯಲ್ಲೇ. ಹೃದಯಕ್ಕೆಂದು ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆಯೂ ಅದೇ ದಾರಿಯದ್ದು. ಎರಡೂ ಸೇರಿದರೆ ಬಿಪಿ ಒಮ್ಮೆಲೇ ಕುಸಿದು ಜೀವ ಹೋಗಬಹುದು.

ಬಿಪಿ ನೋಡಿಸುವ ಬಗೆ ನಮ್ಮ ಹೆಂಗಸರಿಗೆ ವಿಶೇಷವಾಗಿ ಹೇಳಬೇಕು. ಬುರ್ಖಾದ ತೋಳಿನ ಮೇಲೇ ಪಟ್ಟಿ ಸುತ್ತಿಸಿಕೊಳ್ಳಬೇಡಿ, ಬಿಗಿ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿದರೂ ಲೆಕ್ಕ ತಪ್ಪುತ್ತದೆ. ಆ ದಿನ ಸಡಿಲ ತೋಳಿನ ಕುರ್ತಾ ಹಾಕಿಕೊಂಡು ಹೋಗಿ, ಪರದೆಯ ಹಿಂದೆ ನರ್ಸ್ ನೋಡಲಿ ಎಂದು ಕೇಳಿ, ಕೊಡುತ್ತಾರೆ. ತೋಳು ದಪ್ಪ ಇದ್ದರೆ ದೊಡ್ಡ ಪಟ್ಟಿ ಬೇಕು. ಬೆನ್ನಿಗೆ ಆಧಾರವಿಟ್ಟು ಐದು ನಿಮಿಷ ಮಾತಾಡದೆ ಕುಳಿತ ಮೇಲೆ ನೋಡಬೇಕು. ರಂಜಾನಿನಲ್ಲಿ ಮಾತ್ರೆಯನ್ನು ಸಹರಿಗೋ ಇಫ್ತಾರಿಗೋ ಹೊಂದಿಸಿಕೊಡಲು ಶಾಬಾನ್ ತಿಂಗಳಲ್ಲೇ ವೈದ್ಯರನ್ನು ಕೇಳಿಕೊಳ್ಳಿ, ತಿಂಗಳಿಡೀ ಬಿಟ್ಟುಬಿಡಬೇಡಿ.

ನಡಿಗೆಯನ್ನು ಮಾತ್ರ ಮುಂದೂಡಬೇಡಿ. ವ್ಯಾಯಾಮದಿಂದ ವಯಸ್ಸಾದ ಗಂಡಸರ ಒಳಪದರ ಚೆನ್ನಾಗಿ ಸುಧಾರಿಸುತ್ತದೆ, ಮುಟ್ಟು ನಿಂತ ಹೆಂಗಸರಲ್ಲಿ ಆ ಸುಧಾರಣೆ ಅಷ್ಟು ಖಚಿತವಾಗಿ ಕಾಣುವುದಿಲ್ಲ ಎಂದು ಸಂಶೋಧನೆಗಳು ಹೇಳುತ್ತವೆ. ಬಿಪಿ, ಸಕ್ಕರೆಗೆ ಲಾಭ ಇದ್ದೇ ಇದೆ. ಆದರೆ ನಲವತ್ತರಲ್ಲೇ ಆರಂಭಿಸುವುದು ಜಾಣತನ. ಬೀದಿಯಲ್ಲಿ ನಡೆಯಲು ಸಂಕೋಚವಾದರೆ ಮಾಳಿಗೆ ಇದೆ, ನಾಲ್ಕು ಜನ ಸೇರಿದರೆ ಫಜ್ರ್ ಆದ ಮೇಲೆ ಶಾಲೆಯ ಮೈದಾನವೂ ಇದೆ. ಗಂಡಸರು ಮಸೀದಿಗೆ ನಡೆದುಹೋಗುವ ದಾರಿಯಷ್ಟಾದರೂ ಹೆಂಗಸರ ಕಾಲಿಗೆ ಸಿಗಬೇಕು.

ಖಾಲಾ ಎರಡನೇ ಹೃದಯತಜ್ಞರ ಬಳಿ ಹೋದರು. ಅವರು ಕೂರಿಸಿ ಕೇಳಿದರು, ಸಣ್ಣ ನಾಳಗಳ ತೊಂದರೆ ಎಂದು ಗುರುತಿಸಿ ಬಿಪಿಗೂ ನೋವಿಗೂ ಮಾತ್ರೆ ಬರೆದರು. ಈಗ ಬಿಪಿ 130ರ ಆಸುಪಾಸಿನಲ್ಲಿದೆ. ಬಟ್ಟೆಯ ಬಕೆಟ್ ಮೊಮ್ಮಗ ಒಯ್ಯುತ್ತಾನೆ, ಇವರು ಬರಿಗೈಯಲ್ಲಿ ಹತ್ತುತ್ತಾರೆ. ಮಾಳಿಗೆಯಲ್ಲಿ ಸಂಜೆ ಅರ್ಧ ಗಂಟೆ ನಡೆಯುತ್ತಾರೆ. ಹೋದ ವಾರ ಬಂದಾಗ ತಾವೇ ತೋಳು ಮೇಲೆತ್ತಿ ಕೈ ಚಾಚಿದರು. ಆಮೇಲೆ ಮೆಲ್ಲಗೆ ಕೇಳಿದರು, "ಆಪಾ, ಶರಬತ್ತಿಗೆ ಉಪ್ಪು ಬಿಟ್ಟಿದ್ದೇನೆ. ಉಪ್ಪಿನಕಾಯಿ ತಿನ್ನಬಹುದಲ್ಲ?" ಶುಕ್ರವಾರ ಬಿರಿಯಾನಿಯ ಜೊತೆ ಒಂದು ತುಂಡು ಎಂದೆ. ಅವರಿಗೆ ಅದು ಕಡಿಮೆಯಾಯಿತು ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.